ದೊಡ್ಡಮ್ಮಂಗೆ ಕೊಡಿಸಿದ ನ್ಯಾನೋ ಕೀಮೋ, ನಮ್ಮನೆ ಅನುಭವ

ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಕೀಮೋಗೆ ಅಂತ ಓಡಾಡೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ದೊಡ್ಡಮ್ಮಂಗೆ ಸ್ತನದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು, ಮೊದ್ಲು ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಮಾಮೂಲಿ ಕೀಮೋ ಔಷಧಿ ಹಾಕ್ದಾಗ ಹತ್ತು ನಿಮಿಷ ಆಗಿಲ್ಲ, ಮುಖ ಎಲ್ಲ ಕೆಂಪಾಗಿ ಉಸಿರು ಕಟ್ಟಿದಂಗಾಗಿ ನರ್ಸ್ ಓಡ್ಬಂದು ಡ್ರಿಪ್ ನಿಲ್ಸಿದ್ರು. ಆ ಔಷಧಿ ನೀರಲ್ಲಿ ಕರಗಲ್ಲ, ಅದಕ್ಕೆ ಹರಳೆಣ್ಣೆಯಿಂದ ಮಾಡಿದ ದ್ರಾವಣ ಸೇರ್ಸಿರ್ತಾರೆ, ಅಲರ್ಜಿ ಬಹಳ ಸಲ ಅದ್ರಿಂದ್ಲೇ ಅಂತೆ. ಡಾಕ್ಟ್ರು ನ್ಯಾಬ್ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಬದಲಾಯಿಸಿದ್ರು.

ಔಷಧಿ ಅದೇ, ಆದ್ರೆ ರಕ್ತದಲ್ಲಿ ಇರೋ ಆಲ್ಬುಮಿನ್ ಪ್ರೋಟೀನ್ ಜೊತೆ ಸೇರಿಸಿ ಸುಮಾರು 130 ನ್ಯಾನೋಮೀಟರ್, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿರ್ತಾರೆ, ಅದಕ್ಕೇ ನ್ಯಾನೋ ಅನ್ನೋದು, ಎಣ್ಣೆ ದ್ರಾವಣದ ಗೊಡವೆನೇ ಇಲ್ಲ. ಹರಡಿದ ಸ್ತನ ಕ್ಯಾನ್ಸರ್‌ಗೆ ಅಮೆರಿಕದಲ್ಲಿ 2005ರಲ್ಲೇ ಒಪ್ಪಿಗೆ ಸಿಕ್ಕಿದ್ದು. ನೋಡೋಕೆ ನೀರು ಮಜ್ಜಿಗೆ ತರ ಬೆಳ್ಳಗಿರುತ್ತೆ. ಮೊದ್ಲಿಂದು ಮೂರು ಗಂಟೆ ಡ್ರಿಪ್, ಇದು ಅರ್ಧ ಗಂಟೆ, ಮಧ್ಯಾಹ್ನದ ಬಸ್ಸೇ ಸಿಗ್ತಿತ್ತು, ಮಂಡಗದ್ದೆ ಬರೋಷ್ಟರಲ್ಲಿ ದೊಡ್ಡಮ್ಮ ನನ್ನ ಹೆಗಲ ಮೇಲೆ ನಿದ್ದೆ.

ತೊಂದ್ರೆ ಇಲ್ವಾ ಅಂದ್ರೆ ಇದೆ ಮಾರಾಯ್ರೆ. ರೇಟು ಜಾಸ್ತಿ, ಕೂದ್ಲು ಪೂರ್ತಿ ಹೋಯ್ತು. ಎಲ್ಲಕ್ಕಿಂತ ಬೆರಳಿನ ಜೋಮು. ನಲವತ್ತು ವರ್ಷ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ಕೈ, ಈಗ ಸುಲಿದ ಅಡಿಕೆ ಬೆರಳಿಂದ ಜಾರಿ ಬಿದ್ರೂ ಅವ್ರಿಗೆ ಗೊತ್ತಾಗ್ತಿರ್ಲಿಲ್ಲ. ಅದನ್ನ ನೋಡಿ ನಂಗೆ ಬಹಳ ಸಂಕಟ ಆಯ್ತು.

ಇನ್ನೊಂದು ವಿಷ್ಯ. ಯಾರೋ ಫೋನ್ ಮಾಡಿ ನ್ಯಾನೋದಲ್ಲೇ ಜೀನ್ ಕಳಿಸಿ ಕ್ಯಾನ್ಸರ್ ಬುಡಸಮೇತ ತೆಗೀತೀವಿ, ಮುಂಗಡ ಕಟ್ಟಿ ಅಂದ್ರು, ಮನೇಲಿ ಎಲ್ರೂ ಆಸೆಪಟ್ವಿ. ಡಾಕ್ಟ್ರು ಕೂರಿಸಿ ಬಿಡಿಸಿ ಹೇಳಿದ್ರು: ದೊಡ್ಡಮ್ಮನ ಔಷಧಿಯಲ್ಲಿ ಜೀನ್ ಇಲ್ಲ. ಕೊಬ್ಬಿನ ನ್ಯಾನೋ ಕಣದೊಳಗೆ ಆರ್‌ಎನ್‌ಎ, ಅಂದ್ರೆ ಜೀನ್ ಕೆಲಸಕ್ಕೆ ಸಂಬಂಧಪಟ್ಟ ಒಂದು ಅಣು, ಇಟ್ಟು ಕಳಿಸೋದು ನಿಜಾನೇ, ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆ ಹಂಗೇ ಮಾಡಿದ್ದು, 2018ರಲ್ಲಿ ಪ್ಯಾಟಿಸಿರಾನ್ ಅನ್ನೋ ಔಷಧಿನೂ ಬಂತು, ಅದು ಒಂದು ಅಪರೂಪದ ವಂಶವಾಹಿ ನರದ ಕಾಯಿಲೆಗೆ. ರಕ್ತಕ್ಕೆ ಬಿಟ್ಟ ಇಂಥ ಕಣ ಹೆಚ್ಚಾಗಿ ಲಿವರ್‌ಗೇ ಹೋಗಿ ಸೇರ್ಕೊಳುತ್ತೆ, ಶ್ವಾಸಕೋಶದ ಗಂಟು, ಮೂಳೆಯೊಳಗಿನ ಗಂಟು ಹುಡುಕ್ಕೊಂಡು ಹೋಗೋ ಹಂಗೆ ಮಾಡೋದೇ ಕಷ್ಟ, ಹರಡಿದ ಸ್ತನ ಕ್ಯಾನ್ಸರ್‌ಗೆ ಅದಿನ್ನೂ ಸಂಶೋಧನೆಯಲ್ಲೇ ಇದೆ, ದುಡ್ಡು ಕಟ್ಬೇಡಿ ಅಂದ್ರು. ಕಟ್ಲಿಲ್ಲ.

ನಾಲ್ಕನೇ ಸಲ ಆದ್ಮೇಲೆ ಸ್ಕ್ಯಾನಲ್ಲಿ ಗಂಟು ಸಣ್ಣದಾಗಿತ್ತು. ಜೋಮು ಬಂದಿದ್ದನ್ನ ನಾವು ಎರಡು ಸಲ ಹೇಳ್ದೆ ಬಿಟ್ಟಿದ್ವಿ, ಹಂಗೆ ಮಾಡ್ಬೇಡಿ. ಹೇಳಿದ್ಮೇಲೆ ಡೋಸ್ ಇಳಿಸಿದ್ರು, ಈಗ ಸೀರೆ ಪಿನ್ ತಾವೇ ಹಾಕ್ಕೊಳ್ತಾರೆ.