ಹಮಾಲಿ ದರ ಎಲ್ಲಿಡೋದು? ಎನ್ವ್ ಫೈಲ್, ಪ್ಯಾರಾಮೀಟರ್ ಸ್ಟೋರ್, ಅಜೂರ್, ಆ್ಯಪ್‌ಕಾನ್ಫಿಗ್

ಕಲಬುರಗಿ ಗಂಜಿನ ಒಂದು ಅಡತ್ (ದಲ್ಲಾಳಿ) ಅಂಗಡಿಗೆ ಮಾಡಿಕೊಟ್ಟ ವೆಬ್ ಆ್ಯಪ್ ಇದು. ರೈತರ ತೊಗರಿ ಬಂದರೆ ತೂಕ, ರೇಟು ಹಾಕಿ ಲೆಕ್ಕದ ಪಟ್ಟಿ ತೆಗೆಯಬೇಕು, ಅವರ ಮೊಬೈಲಿಗೆ ಎಸ್‌ಎಂಎಸ್ ಹೋಗಬೇಕು, ಅಷ್ಟೇ. ಕೋಡ್ ಬದಲಾಗುವುದು ಅಪರೂಪ. ಬದಲಾಗುವುದೆಲ್ಲ ಹಮಾಲಿ, ತೂಕದ ಕೂಲಿ, ಸೆಸ್ಸು, ಮತ್ತೆ ಆಗೊಮ್ಮೆ ಎಸ್‌ಎಂಎಸ್ ಕೀ (ಎಸ್‌ಎಂಎಸ್ ಕಳಿಸಲು ಬೇಕಾದ ಗುಟ್ಟಿನ ಸಂಕೇತ). ಡಿಸೆಂಬರ್ ಕಳೆದು ಆವಕ ಜೋರಾದಾಗ ಒಂದು ದರಕ್ಕೋಸ್ಕರ ಇಡೀ ಆ್ಯಪ್ ಮತ್ತೆ ಡಿಪ್ಲಾಯ್ (ಸರ್ವರಿಗೆ ಏರಿಸುವುದು) ಮಾಡುತ್ತಾ ಕೂತರೆ ಸಾವಕಾರರಿಂದ ಫೋನ್ ಮೇಲೆ ಫೋನ್. ಅದಕ್ಕೇ ಈ ಸೆಟ್ಟಿಂಗ್‌ಗಳನ್ನು ಕೋಡಿನ ಹೊರಗೆ ಎಲ್ಲಿಡಬೇಕು ಅಂತ ನಾಲ್ಕೂ ಕಡೆ ಇಟ್ಟು ನೋಡಿದೆ.

ಎನ್ವ್ ಫೈಲ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಸೆಟ್ಟಿಂಗ್ ಬರೆದಿಡುವ, ಸರ್ವರಿನಲ್ಲೇ ಇರುವ ಒಂದು ಫೈಲು, ಖರ್ಚಿಲ್ಲ, ಪರ್ಮಿಷನ್ 600 ಇಟ್ಟರೆ ಬೇರೆ ಯೂಸರ್‌ಗಳು ಓದಲಾರರು. ಆದರೆ ಆ್ಯಪ್ ಅದನ್ನು ಓದುವುದು ಶುರುವಾಗುವಾಗ ಮಾತ್ರ, ಹಾಗಾಗಿ ದರ ಬದಲಾದರೆ ರೀಸ್ಟಾರ್ಟ್ ಬೇಕೇ ಬೇಕು. ಅದೂ ಸರ್ವರಿಗೆ ಲಾಗಿನ್ ಆಗಲು ಬರುವವರೇ ಮಾಡಬೇಕು, ಅಂದರೆ ನಾನೇ.

ಎಡಬ್ಲ್ಯುಎಸ್‌ನ (ಅಮೆಜಾನ್ ಕ್ಲೌಡ್) ಪ್ಯಾರಾಮೀಟರ್ ಸ್ಟೋರ್, ಅಂದರೆ ಸೆಟ್ಟಿಂಗ್‌ಗಳನ್ನು ಇಟ್ಟು ಬೇಕಾದಾಗ ತರಿಸಿಕೊಳ್ಳುವ ಜಾಗ, ಇದಕ್ಕಿಂತ ಎಷ್ಟೋ ವಾಸಿ. ಸ್ಟ್ಯಾಂಡರ್ಡ್ ಪ್ಯಾರಾಮೀಟರ್‌ಗಳು ಒಂದು ರೀಜನ್ನಿನಲ್ಲಿ (ಅವರ ಡೇಟಾ ಸೆಂಟರ್‌ಗಳಿರುವ ಪ್ರದೇಶ) 10,000ದವರೆಗೆ ಪುಕ್ಕಟೆ, ಒಂದೊಂದು 4 ಕೆಬಿ ತನಕ. ಕೀ, ಪಾಸ್‌ವರ್ಡ್‌ಗಳನ್ನು ಸೆಕ್ಯೂರ್‌ಸ್ಟ್ರಿಂಗ್ ಮಾಡಿಟ್ಟರೆ ಎನ್‌ಕ್ರಿಪ್ಟ್ ಆಗಿ, ಬೇರೆಯವರಿಗೆ ಓದಲು ಬಾರದಂತೆ ಇರುತ್ತವೆ. ಫೋಲ್ಡರ್ ಥರ ಹೆಸರಿಟ್ಟು ಒಂದೇ ಕಾಲ್‌ನಲ್ಲಿ ತರಿಸಬಹುದು, ಆದರೆ ಸಲಕ್ಕೆ ಹತ್ತೇ ಬರುತ್ತವೆ, ಉಳಿದವಕ್ಕೆ ಅದು ಕೊಡುವ ನೆಕ್ಸ್ಟ್ ಟೋಕನ್ (ಎಲ್ಲಿಂದ ಮುಂದುವರಿಸಬೇಕು ಅನ್ನುವ ಗುರುತು) ಹಿಡಿದು ಮತ್ತೆ ಕೇಳಬೇಕು. ಸರ್ವರ್ ಕೂಡ ಎಡಬ್ಲ್ಯುಎಸ್‌ನಲ್ಲೇ ಇದ್ದರೆ ಐಎಎಂ ರೋಲ್ (ಕೀ ಇಲ್ಲದೆಯೇ ಸರ್ವರಿಗೆ ಕೊಡುವ ಅನುಮತಿ) ಸಾಕು. ಬೇರೆ ಕಡೆಯ ಅಗ್ಗದ ಸರ್ವರ್ ಆದರೆ ಇಲ್ಲಿಗೆ ಬರಲು ಬೇಕಾದ ಕೀಯನ್ನು ಮತ್ತೆ ಎನ್ವ್ ಫೈಲಿನಲ್ಲೇ ಇಡಬೇಕಾಗುತ್ತದೆ, ತಿಜೋರಿ ಕೀಲಿಯನ್ನು ತಿಜೋರಿ ಮೇಲೆಯೇ ಇಟ್ಟಂಗೆ. ಅಂದಹಾಗೆ, ಗುಟ್ಟಿನ ಕೀಗಳಿಗೆಂದೇ ಎಡಬ್ಲ್ಯುಎಸ್‌ನಲ್ಲಿರುವ ಸೀಕ್ರೆಟ್ಸ್ ಮ್ಯಾನೇಜರ್ ಯಾಕೆ ಬೇಡ ಅಂತ ಕೇಳುವವರಿಗೆ: ಒಂದು ಸೀಕ್ರೆಟ್ಟಿಗೆ ತಿಂಗಳಿಗೆ 0.40 ಡಾಲರ್. ಡೇಟಾಬೇಸ್ ಪಾಸ್‌ವರ್ಡ್ ತಾನೇ ಬದಲಾಗುತ್ತಿರಬೇಕು ಅನ್ನುವವರಿಗೆ ಅದು ಸರಿ, ಈ ಅಂಗಡಿಗೆ ಬೇಡ.

ದರದ ವಿಷಯದಲ್ಲಿ ಮಾತ್ರ ಪ್ಯಾರಾಮೀಟರ್ ಸ್ಟೋರ್ ಸಾಲಲಿಲ್ಲ. ಅಲ್ಲಿ ಎಲ್ಲವೂ ಬರೀ ಅಕ್ಷರವೇ. ಅಲೌಡ್ ಪ್ಯಾಟರ್ನ್ ಅಂತ ಒಂದಿದೆ, ಅಂಕಿ ಮತ್ತು ಚುಕ್ಕೆ ಬಿಟ್ಟು ಬೇರೇನೂ ಬೇಡ ಅಂತ ಕಟ್ಟು ಹಾಕಬಹುದು. ಆದರೆ 7.50 ಬರೆಯುವ ಕಡೆ ಚುಕ್ಕೆ ಬಿಟ್ಟು 750 ಹೊಡೆದರೆ ಅದೂ ಅಂಕಿಯೇ ಅಲ್ವಾ, ಸುಮ್ನೆ ಒಳಗೆ ಹೋಗುತ್ತದೆ.

ಅಜೂರ್ (ಮೈಕ್ರೋಸಾಫ್ಟ್ ಕ್ಲೌಡ್) ಆ್ಯಪ್ ಕಾನ್ಫಿಗರೇಷನ್‌ನಲ್ಲಿ ಹಿಡಿಸಿದ್ದು ಎರಡು. ಲೇಬಲ್ ಹಚ್ಚಿ ಒಂದೇ ಹೆಸರಿಗೆ ಟೆಸ್ಟಿಗೊಂದು ಬೆಲೆ, ನಿಜವಾದ ಆ್ಯಪಿಗೊಂದು ಬೆಲೆ ಇಡಬಹುದು. ಇನ್ನೊಂದು ಸೆಂಟಿನೆಲ್ ಕೀ: ಹಮಾಲಿ, ಕೂಲಿ, ಸೆಸ್ಸು ಎಲ್ಲ ಬದಲಿಸಿ ಕೊನೆಗೆ ಈ ಕೀಯನ್ನು ಮುಟ್ಟಿದರೆ ಆಗ ಆ್ಯಪ್ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ, ಅರ್ಧ ಹಳೆಯದು ಅರ್ಧ ಹೊಸದು ಅನ್ನುವ ಗೋಳಿಲ್ಲ. ಪುಕ್ಕಟೆ ಪ್ಲಾನಿನಲ್ಲಿ ದಿನಕ್ಕೆ 1,000 ರಿಕ್ವೆಸ್ಟ್ ಅಷ್ಟೇ. 30 ಸೆಕೆಂಡಿಗೊಮ್ಮೆ ಕೇಳುತ್ತಾ ಹೋದರೆ ದಿನಕ್ಕೆ 2,880 ಆಗುತ್ತದೆ, ಮಿತಿ ದಾಟಿದ ಮೇಲೆ 429 ಎರರ್, ಅಂದರೆ ತುಂಬಾ ಸಲ ಕೇಳಿದೆ ಅನ್ನುವ ಉತ್ತರ. ಎರಡು ನಿಮಿಷಕ್ಕೊಮ್ಮೆ ಇಟ್ಟರೆ 720, ಆರಾಮ. ನನ್ನ ಸರ್ವರ್ ಅಜೂರ್‌ನಲ್ಲಿ ಇದ್ದಿದ್ದರೆ ಇಲ್ಲೇ ಉಳಿಯುತ್ತಿದ್ದೆ.

ಕೊನೆಯದು ಆ್ಯಪ್‌ಕಾನ್ಫಿಗ್, ಇದೂ ಎಡಬ್ಲ್ಯುಎಸ್‌ನದೇ. ಸೆಟಪ್ ತಲೆನೋವು. ಅಪ್ಲಿಕೇಷನ್, ಎನ್ವಿರಾನ್ಮೆಂಟ್, ಪ್ರೊಫೈಲ್, ಸ್ಟ್ರಾಟಜಿ (ಬದಲಾವಣೆ ಎಷ್ಟು ಬೇಗ ಹರಡಬೇಕು ಅನ್ನುವುದು) ಅಂತ ಒಂದರ ಮೇಲೊಂದು. ಮೇಲೆ ಸರ್ವರಿನಲ್ಲಿ ಒಂದು ಏಜೆಂಟ್, ಅಂದರೆ ಹಿನ್ನೆಲೆಯಲ್ಲಿ ಓಡುವ ಸಣ್ಣ ಪ್ರೋಗ್ರಾಂ, ಇಟ್ಟಿದ್ದೇನೆ, ಆ್ಯಪ್ 2772 ಪೋರ್ಟಿಗೆ ಹೋಗಿ ಅದನ್ನೇ ಕೇಳುತ್ತದೆ. ಏಜೆಂಟ್ 45 ಸೆಕೆಂಡಿಗೊಮ್ಮೆ ಹೊಸದಿದೆಯಾ ಅಂತ ನೋಡಿಕೊಂಡು ಬಂದು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ, ರೀಸ್ಟಾರ್ಟ್ ಬೇಡ. ದರ ಬದಲಿಸಲು ಗುಮಾಸ್ತರಿಗೇ ಒಂದು ಪುಟ ಮಾಡಿಕೊಟ್ಟೆ. ಅದನ್ನು ತೋರಿಸಿದಾಗ ಅವರು ಕೇಳಿದ ಮೊದಲ ಮಾತೇ, "ಅಲ್ರೀ ಸರ, ತಪ್ಪ್ ಹೊಡದ್ರ ಏನಾಗ್ತದ್ರೀ?" ಉತ್ತರ ಜೇಸನ್ ಸ್ಕೀಮಾದಲ್ಲಿದೆ, ಅಂದರೆ ಸೆಟ್ಟಿಂಗ್ ಹೇಗಿರಬೇಕು ಅಂತ ಮೊದಲೇ ಬರೆದಿಡುವ ನಿಯಮಗಳಲ್ಲಿ. ಹಮಾಲಿ ನಂಬರೇ ಇರಬೇಕು, ಇಷ್ಟರ ಒಳಗೇ ಇರಬೇಕು ಅಂತ ಮ್ಯಾಕ್ಸಿಮಮ್ ಬರೆದಿಟ್ಟರೆ 750 ಹೊಡೆದ ಕೂಡಲೇ ಡಿಪ್ಲಾಯ್ ಶುರುವೇ ಆಗುವುದಿಲ್ಲ, ಹಳೆಯ ದರವೇ ನಡೆಯುತ್ತದೆ. ಅವರ ಕಣ್ಣೆದುರೇ ಹೊಡೆದು ತೋರಿಸಿದೆ. ಇದೊಂದಕ್ಕೇ ಆ ತಲೆನೋವು ಸಹಿಸಬಹುದು.

ಎಡಬ್ಲ್ಯುಎಸ್‌ನ ಹೈದರಾಬಾದ್ ರೀಜನ್ 2022ರಲ್ಲಿ ಬಂದಿದೆ, ನಮಗೆ ಹತ್ತಿರ, ಅಲ್ಲೇ ಇಡು ಅಂತ ಕೆಲವರು ಅಂದರು. ಕಾನ್ಫಿಗ್ ಕೇಳುವುದು ಸರ್ವರ್, ಗಂಜಿನ ಕಂಪ್ಯೂಟರ್ ಅಲ್ಲ. ನನ್ನ ಸರ್ವರ್ ಮುಂಬೈನಲ್ಲಿದೆ, ಕಾನ್ಫಿಗ್ ಕೂಡ ಅಲ್ಲೇ.

ಈಗ ಕೀಗಳು ಪ್ಯಾರಾಮೀಟರ್ ಸ್ಟೋರ್‌ನಲ್ಲಿ, ದರಗಳು ಆ್ಯಪ್‌ಕಾನ್ಫಿಗ್‌ನಲ್ಲಿ. ಸ್ಟ್ರಾಟಜಿ ಆರಿಸುವಾಗ ಮಾತ್ರ ಜನ ಹೊಗಳುವ ಕ್ಯಾನರಿಯನ್ನು ಮುಟ್ಟಬೇಡಿ. ಮೊದಲು 10 ಶೇಕಡಾ ಸರ್ವರ್‌ಗಳಿಗೆ, ಆಮೇಲೆ ಹಂತಹಂತವಾಗಿ ಉಳಿದವಕ್ಕೆ ಅನ್ನುವುದು ಬಟನ್ ಬಣ್ಣಕ್ಕೆ ಸರಿ. ದುಡ್ಡಿನ ದರಕ್ಕೆ ಹಾಗೆ ಮಾಡಿದರೆ ಒಂದೇ ಹೊತ್ತಿಗೆ ಪಟ್ಟಿ ತೆಗೆಸಿದ ಇಬ್ಬರು ರೈತರಿಗೆ ಬೇರೆ ಬೇರೆ ಹಮಾಲಿ ಬೀಳುತ್ತದೆ. ಎಲ್ಲ ಕಡೆ ಒಮ್ಮೆಲೇ ಹೋಗುವ ಆಲ್ ಅಟ್ ಒನ್ಸ್ ಇಡಿ. ಅದರಲ್ಲೂ ಹತ್ತು ನಿಮಿಷ ಕಾದು ನೋಡುವ ಸಮಯ ಇದೆ, ಅಷ್ಟರಲ್ಲಿ ಕ್ಲೌಡ್‌ವಾಚ್ (ಎಡಬ್ಲ್ಯುಎಸ್‌ನ ನಿಗಾ ಸೇವೆ) ಅಲಾರಂ ಹೊಡೆದರೆ ತಾನೇ ಹಳೆಯ ದರಕ್ಕೆ ಹಿಂದಕ್ಕೆ ಹೋಗುತ್ತದೆ. ಅಲಾರಂ ಕಟ್ಟುವುದು ಮಾತ್ರ ನಿಮ್ಮ ಕೆಲಸ.