ಮರಳಿ ಬಂದ ಹಳೆಯ ನಗು: ನಾಲ್ಕು ಬ್ರಿಟಿಷ್ ಹಾಸ್ಯ ಧಾರಾವಾಹಿ, ಹಳೆಯದು ಒಂದು ಕಂತು, ಹೊಸದು ಒಂದು ಕಂತು

ಕಳೆದ ಚಳಿಗಾಲ ಅಪ್ಪ ಇಂಗ್ಲೆಂಡಿನ ರೀಡಿಂಗ್‌ನಲ್ಲಿರುವ ನಮ್ಮ ಮನೆಗೆ ಬಂದು ಮೂರು ತಿಂಗಳು ಇದ್ದರು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ವಾಕಿಂಗ್ ಇಲ್ಲ, ಮಾತಾಡಿಸಲು ನೆರೆಯವರಿಲ್ಲ. ಹಾಗಾಗಿ ಸಂಜೆಯಾದರೆ ಟೀವಿ. ಅಪ್ಪ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮಂತ್ರಿ ಮತ್ತು ಅಧಿಕಾರಿಗಳ ಹಗ್ಗಜಗ್ಗಾಟದ ಹಾಸ್ಯ 'ಎಸ್ ಮಿನಿಸ್ಟರ್' ಅಂದರೆ ಅವರಿಗೆ ಪ್ರಾಣ. ಅದು 2013ರಲ್ಲಿ 'ಎಸ್, ಪ್ರೈಮ್ ಮಿನಿಸ್ಟರ್' ಹೆಸರಿನಲ್ಲಿ ಹೊಸ ನಟರೊಂದಿಗೆ ವಾಪಸ್ ಬಂದಿತ್ತು ಎಂದು ಹೇಳಿದಾಗ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅಲ್ಲಿಂದ ಶುರುವಾಯಿತು ನಮ್ಮ ಹೋಲಿಕೆ. ಒಂದು ರಾತ್ರಿಗೆ ಹಳೆಯದರ ಒಂದು ಕಂತು, ಅದರ ಬೆನ್ನಿಗೇ ಹೊಸದರ ಒಂದು ಕಂತು. ನಡುವೆ ಕಾಫಿಗೂ ಏಳುವಂತಿಲ್ಲ.

ಹಳೆಯ 'ಎಸ್ ಮಿನಿಸ್ಟರ್'ನಿಂದ ಅಪ್ಪ ಆರಿಸಿದ್ದು ಆಸ್ಪತ್ರೆಯ ಕಂತು. ಹೊಸ ಆಸ್ಪತ್ರೆ, 500 ಜನ ಸಿಬ್ಬಂದಿ, ರೋಗಿ ಮಾತ್ರ ಒಬ್ಬನೂ ಇಲ್ಲ. ಇಡೀ ದೇಶದಲ್ಲೇ ಚೆನ್ನಾಗಿ ನಡೆಯುತ್ತಿರುವ ಆಸ್ಪತ್ರೆ ಇದು ಎಂದು ಮಂತ್ರಿಗೆ ವಿವರಣೆ ಸಿಗುತ್ತದೆ. ಮಂತ್ರಿಯ ಹಿರಿಯ ಅಧಿಕಾರಿ ಸರ್ ಹಂಫ್ರಿಯಾಗಿ ನೈಜೆಲ್ ಹಾಥಾರ್ನ್ ಒಂದೇ ಉಸಿರಿನಲ್ಲಿ ಉದ್ದದ ವಾಕ್ಯ ಹೇಳುವಾಗ ದನಿ ಏರುವುದೇ ಇಲ್ಲ. ಮನೆಯ ದಿನಸಿ ಪಟ್ಟಿ ಓದಿದಂತೆ ಓದುತ್ತಾರೆ. ಆ ಹೊತ್ತಿಗೆ ಕ್ಯಾಮೆರಾ ಮಂತ್ರಿ ಹ್ಯಾಕರ್ ಆಗಿರುವ ಪಾಲ್ ಎಡಿಂಗ್ಟನ್ ಮುಖದ ಮೇಲಿರುತ್ತದೆ. ಮಂತ್ರಿಗೆ ಅರ್ಥವಾಗಿಲ್ಲ, ಅರ್ಥವಾಗಿಲ್ಲ ಎಂದು ತೋರಿಸಿಕೊಳ್ಳುವ ಹಾಗೂ ಇಲ್ಲ. ನಗು ಹುಟ್ಟುವುದು ಆ ಮುಖದಲ್ಲಿ.

2013ರದ್ದನ್ನು ಬರೆದವರೂ ಅದೇ ಆಂಟನಿ ಜೇ ಮತ್ತು ಜೊನಾಥನ್ ಲಿನ್. ಡೇವಿಡ್ ಹೇಗ್ ಪ್ರಧಾನಿ ಹ್ಯಾಕರ್, ಹೆನ್ರಿ ಗುಡ್‌ಮನ್ ಹಂಫ್ರಿ. ಇಬ್ಬರೂ ಒಳ್ಳೆಯ ನಟರೇ. ಆದರೆ ಇದು ಮೊದಲು 2010ರಲ್ಲಿ ನಾಟಕವಾಗಿ ರಂಗಕ್ಕೆ ಬಂದದ್ದು. ಅದು ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ. ಹಂಫ್ರಿ ಹಿಂದಿನ ಸಾಲಿನವರಿಗೂ ಕೇಳಿಸಬೇಕು ಎಂಬಂತೆ ಮಾತಾಡುತ್ತಾನೆ. ಹ್ಯಾಕರ್ ಬೇಗ ಕಂಗೆಡುತ್ತಾನೆ, ಜಾಸ್ತಿ ಕಿರುಚುತ್ತಾನೆ. ಹಳೆಯದರಲ್ಲಿ ಪ್ರತಿ ಕಂತಿಗೂ ಒಂದು ಸಣ್ಣ, ಗಟ್ಟಿ ಸಮಸ್ಯೆ ಇರುತ್ತಿತ್ತು. ಇಲ್ಲಿ ಕುಮ್ರಾನಿಸ್ತಾನ್ ಎಂಬ ಕಲ್ಪನೆಯ ದೇಶದ ಸಾಲ ಮತ್ತು ತೈಲದ ಕೊಳವೆಯ ಒಂದೇ ಕಥೆಯನ್ನು ಆರು ಕಂತಿಗೆ ಎಳೆದಿದ್ದಾರೆ. ಮೂರನೆಯ ರಾತ್ರಿ ಅಪ್ಪ ಅಂದರು, "ಇವರಿಗೆ ಆಫೀಸೇ ಇಲ್ವಲ್ಲಮ್ಮ. ಫೈಲು ಎಲ್ಲಿ?" ನನಗೂ ಆಗ ಹೊಳೆಯಿತು. ಹಳೆಯದರಲ್ಲಿ ಫೈಲು, ಬಾಗಿಲು, ಮೇಜು, ಯಾರು ಮೊದಲು ಕೂರಬೇಕು ಎಂಬುದು, ಎಲ್ಲವೂ ಪಾತ್ರಗಳೇ ಆಗಿದ್ದವು.

ಇದೇ ಧಾರಾವಾಹಿ 2001ರಲ್ಲಿ ಹಿಂದಿಗೆ 'ಜೀ ಮಂತ್ರೀಜಿ' ಆಗಿ ಬಂದಿತ್ತು, ಫಾರೂಕ್ ಶೇಖ್ ಮಂತ್ರಿ. ಅಪ್ಪ ಅದನ್ನು ಊರಿನಲ್ಲಿ ನೋಡಿ ಮೆಚ್ಚಿಕೊಂಡಿದ್ದರು. ಅಲ್ಲಿ ಹೆಸರು, ಊರು, ಭಾಷೆ ಎಲ್ಲ ಬದಲಾಗಿ ಬೇರೆ ಮನುಷ್ಯರೇ ಹುಟ್ಟಿದ್ದರು. 2013ರದ್ದರಲ್ಲಿ ಹೆಸರು ಅವವೇ, ಕುರ್ಚಿಗಳೂ ಅವವೇ. ಕೂತವರು ಮಾತ್ರ ಬೇರೆ. ಮಧ್ಯದ 25 ವರ್ಷ ನಡೆದೇ ಇಲ್ಲ ಎಂಬಂತೆ. ನಾವು ನೋಡಿದ ನಾಲ್ಕರಲ್ಲೂ ಗೆದ್ದದ್ದು ಸೋತದ್ದು ಇಲ್ಲೇ ಅಂತ ನನ್ನ ಅನಿಸಿಕೆ. ಕಳೆದುಹೋದ ಕಾಲವನ್ನು ಒಪ್ಪಿಕೊಂಡು ಬಂದದ್ದು ನಗಿಸಿತು. ಅದನ್ನು ಮುಚ್ಚಿಟ್ಟು ಬಂದದ್ದು ನಗಿಸಲಿಲ್ಲ.

'ಪಾರಿಜ್' ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1974ರಿಂದ 1977ರವರೆಗೆ ಬಂದ ಜೈಲಿನ ಕಥೆ. ರಾನಿ ಬಾರ್ಕರ್ ಹಳೆಯ ಕೈದಿ ಫ್ಲೆಚರ್. 2016ರಲ್ಲಿ ಬಿಬಿಸಿ ಹಳೆಯ ಹಾಸ್ಯ ಧಾರಾವಾಹಿಗಳ ಹಬ್ಬ ಮಾಡಿದಾಗ ಇದನ್ನು ಒಂದು ಕಂತಾಗಿ ತಂದರು, 2017ರಲ್ಲಿ ಆರು ಕಂತು ಬಂತು. ಬರೆದವರು ಮೂಲದ ಡಿಕ್ ಕ್ಲೆಮೆಂಟ್ ಮತ್ತು ಇಯಾನ್ ಲಾ ಫ್ರೆನೇ. ಈಗ ಜೈಲಿಗೆ ಬಂದಿರುವುದು ಫ್ಲೆಚರ್‌ನ ಮೊಮ್ಮಗ, ಕಂಪ್ಯೂಟರ್ ಅಪರಾಧಕ್ಕೆ. ಯೋಚನೆ ಒಳ್ಳೆಯದೇ. ಆದರೆ ಮೊಮ್ಮಗನಾಗಿರುವ ಕೆವಿನ್ ಬಿಷಪ್ ಬಾಯಲ್ಲಿ ತಾತನ ಮಾತಿನ ವರಸೆಯನ್ನೇ ಇಟ್ಟಿದ್ದಾರೆ. ಇಪ್ಪತ್ತೊಂದನೇ ಶತಮಾನದ ಹುಡುಗ ಹಾಗೆ ಮಾತಾಡುವುದಿಲ್ಲ, ಅಲ್ವಾ? ಅದರ ಪಕ್ಕದಲ್ಲಿ ನಾವು ಇಟ್ಟದ್ದು ಹಳೆಯದರ ಮೊದಲ ಸರಣಿಯ ರಾತ್ರಿಯ ಕಂತು. ಒಂದೇ ಕೋಣೆ, ಎರಡು ಮಂಚ, ಇಬ್ಬರೇ ಕೈದಿಗಳು. ಹೊಸ ಹುಡುಗ ಗಾಡ್ಬರ್‌ಗೆ ನಿದ್ದೆ ಬರುವುದಿಲ್ಲ, ಹಳಬ ಗೊಣಗುತ್ತಲೇ ಧೈರ್ಯ ತುಂಬುತ್ತಾನೆ. ಬೇರೇನೂ ನಡೆಯುವುದಿಲ್ಲ. ಇದು ಮುಗಿದ ಮೇಲೆ ಹೊಸದನ್ನು ಹಾಕಿದ್ದು ನಾವು ಮಾಡಿದ ತಪ್ಪು. ಯಾವುದೂ ನಿಲ್ಲುತ್ತಿರಲಿಲ್ಲ.

'ಓಪನ್ ಆಲ್ ಅವರ್ಸ್' ಹಾಕಿದ ರಾತ್ರಿ ಅಪ್ಪ ಸುಮ್ಮನಾದರು. ಅವರ ತಂದೆಗೆ ತಿಪಟೂರಿನ ಹತ್ತಿರ ದಿನಸಿ ಅಂಗಡಿ ಇತ್ತು. ಯಾರ್ಕ್‌ಷೈರಿನ ಮೂಲೆಯಂಗಡಿ, ಜಿಪುಣ ಮಾಲೀಕ ಆರ್ಕ್‌ರೈಟ್, ಕಂದು ಬಣ್ಣದ ಕೋಟು, ಸೈಕಲ್ ಮೇಲೆ ಸಾಮಾನು ಹೊರುವ ಸೋದರಳಿಯ ಗ್ರ್ಯಾನ್‌ವಿಲ್. ಆ ಗಲ್ಲಾಪೆಟ್ಟಿಗೆಯೊಂದು ಸಾಕು. ದುಡ್ಡು ಹಾಕಲು ಕೈ ಚಾಚಿದರೆ ಬೆರಳು ಕಚ್ಚುವಂತೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ರಾನಿ ಬಾರ್ಕರ್ ಪ್ರತಿ ಸಲವೂ ಕಳ್ಳನ ಹಾಗೆ ಮೆಲ್ಲಗೆ ಕೈ ಒಯ್ಯುತ್ತಾರೆ, ಪ್ರತಿ ಸಲವೂ ಕೊನೆಯ ಕ್ಷಣದಲ್ಲಿ ಸರಕ್ಕನೆ ಎಳೆದುಕೊಳ್ಳುತ್ತಾರೆ. ಅಪ್ಪ ತಮ್ಮ ಬೆರಳನ್ನೂ ಮಡಚಿಕೊಂಡದ್ದನ್ನು ನಾನು ನೋಡಿದೆ.

ಬಾರ್ಕರ್ 2005ರಲ್ಲಿ ತೀರಿಕೊಂಡರು. 2013ರ ಡಿಸೆಂಬರ್ 26ರಂದು 'ಸ್ಟಿಲ್ ಓಪನ್ ಆಲ್ ಅವರ್ಸ್' ಬಂದಾಗ ಅಂಗಡಿಯ ಮಾಲೀಕ ಗ್ರ್ಯಾನ್‌ವಿಲ್. ನಟ ಅದೇ ಡೇವಿಡ್ ಜೇಸನ್, ವಯಸ್ಸು 73. ಬರೆದವರು ಅದೇ ರಾಯ್ ಕ್ಲಾರ್ಕ್. ಮಾವನ ಜಿಪುಣತನಕ್ಕೆ ರೋಸಿ, ಹೊರಗಿನ ಪ್ರಪಂಚಕ್ಕೆ ಹಂಬಲಿಸುತ್ತಿದ್ದ ಹುಡುಗ ಈಗ ಅದೇ ಬಗೆಯ ಕೋಟು ತೊಟ್ಟು ಅದೇ ಗಲ್ಲಾಪೆಟ್ಟಿಗೆಗೆ ಹೆದರುತ್ತಾ ನಿಂತಿದ್ದಾನೆ. ತನ್ನ ಮಗನನ್ನು ಅದೇ ರೀತಿ ದುಡಿಸಿಕೊಳ್ಳುತ್ತಿದ್ದಾನೆ. ಕಂತಿನ ಕೊನೆಯಲ್ಲಿ ರಾತ್ರಿ ಹೊತ್ತು ಹೊರಗಿಟ್ಟ ಸಾಮಾನನ್ನು ಒಳಗೆ ತರುತ್ತಾ ಆರ್ಕ್‌ರೈಟ್ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದ. ಈಗ ಆ ಕೆಲಸ ಗ್ರ್ಯಾನ್‌ವಿಲ್‌ನದು. ಇದಕ್ಕೆ ನಟನೆ ಬೇಕಿಲ್ಲ. ಜೇಸನ್ ಮುಖದ ಸುಕ್ಕುಗಳೇ ಕಥೆ ಹೇಳುತ್ತವೆ.

ದೋಷಗಳಿವೆ. ಅಪಾಯದ ಮೊನಚು ಹೋಗಿದೆ, ಜೋಕುಗಳು ಮೆತ್ತಗಾಗಿವೆ. ಬಾರ್ಕರ್ ಜೊತೆ ಜೇಸನ್‌ಗೆ ಇದ್ದ ಜಟಾಪಟಿಗೆ ಸಾಟಿಯಾಗುವುದು ಮಗನ ಜೊತೆ ಇಲ್ಲ. 2019ರವರೆಗೆ ಆರು ಸರಣಿ ಎಳೆದದ್ದು ಜಾಸ್ತಿಯೇ ಆಯಿತು. ಆದರೂ ಮೊದಲ ಕೆಲವು ಕಂತುಗಳನ್ನು ಯಾರಿಗೆ ಬೇಕಾದರೂ ತೋರಿಸುತ್ತೇನೆ. ಆರ್ಕ್‌ರೈಟ್ ಆಸೆಪಟ್ಟಿದ್ದ ನರ್ಸ್ ಗ್ಲ್ಯಾಡಿಸ್ ಆಗಿ ಲಿಂಡಾ ಬ್ಯಾರನ್ ಮತ್ತೆ ಅಂಗಡಿಯೊಳಗೆ ಕಾಲಿಟ್ಟಾಗ ನನಗೆ ಕಣ್ಣು ತುಂಬಿತು.

ನಾಲ್ಕನೆಯದು ಇವೆಲ್ಲಕ್ಕಿಂತ ಬೇರೆ. 'ಡ್ಯಾಡ್ಸ್ ಆರ್ಮಿ' 1968ರಿಂದ 1977ರವರೆಗೆ 80 ಕಂತು ಬಂತು. ಎರಡನೇ ಮಹಾಯುದ್ಧದ ಕಾಲ, ಸಮುದ್ರ ತೀರದ ಊರು, ಸೈನ್ಯಕ್ಕೆ ಸೇರಲಾಗದ ಮುದುಕರ ಪಡೆ. ಆಗ ವಿಡಿಯೋ ಟೇಪು ದುಬಾರಿ, ಒಂದನ್ನು ಅಳಿಸಿ ಅದರ ಮೇಲೇ ಮತ್ತೊಂದನ್ನು ಮುದ್ರಿಸುತ್ತಿದ್ದರು. ಹಾಗೆ 1969ರ ಎರಡನೇ ಸರಣಿಯ ಕಂತುಗಳು ಅಳಿದವು. ಎರಡು 2001ರಲ್ಲಿ ಸಿಕ್ಕವು, ಮೂರು ಸಿಗಲಿಲ್ಲ. ಮೂರರ ಬರಹ, ಒಂದರ ಧ್ವನಿ, ಇಷ್ಟೇ ಉಳಿದಿತ್ತು. 2019ರ ಆಗಸ್ಟಿನಲ್ಲಿ ಗೋಲ್ಡ್ ಚಾನೆಲ್ ಆ ಮೂರನ್ನೂ ಹೊಸ ನಟರಿಂದ ಮಾಡಿಸಿತು. ಕ್ಯಾಪ್ಟನ್ ಮೇನ್‌ವೇರಿಂಗ್ ಆಗಿ ಕೆವಿನ್ ಮ್ಯಾಕ್‌ನಲಿ, ಸಾರ್ಜೆಂಟ್ ವಿಲ್ಸನ್ ಆಗಿ ರಾಬರ್ಟ್ ಬಾಥರ್ಸ್ಟ್.

ನನಗೆ ನಂಬಿಕೆ ಇರಲಿಲ್ಲ. ಹಳೆಯ ಮೇನ್‌ವೇರಿಂಗ್ ಆರ್ಥರ್ ಲೋ ಜಾಗದಲ್ಲಿ ಇನ್ನೊಬ್ಬರು? ಹೊಸ ನಟರನ್ನು ಹಾಕಿ 'ಎಸ್, ಪ್ರೈಮ್ ಮಿನಿಸ್ಟರ್' ಸೋತದ್ದನ್ನು ಆಗಷ್ಟೇ ನೋಡಿದ್ದೆವು. ಆದರೆ ಹತ್ತೇ ನಿಮಿಷದಲ್ಲಿ ಇಬ್ಬರೂ ಮೈಮರೆತೆವು. ಇಲ್ಲಿ ಯಾರೂ ಕಥೆಯನ್ನು ಇವತ್ತಿಗೆ ಎಳೆದು ತಂದಿಲ್ಲ. ಜಿಮ್ಮಿ ಪೆರಿ, ಡೇವಿಡ್ ಕ್ರಾಫ್ಟ್ ಬರೆದದ್ದನ್ನೇ ತಲೆಬಾಗಿ ಆಡಿದ್ದಾರೆ. ನಾಟಕದ ಕಂಪನಿಯವರು ಹಿರಿಯರ ಪಾತ್ರವನ್ನು ಕೈಗೆತ್ತಿಕೊಂಡ ಹಾಗೆ. ಪಡೆಯಲ್ಲಿರುವ ಕಾಳಸಂತೆಯ ವಾಕರ್‌ಗೆ ಸೈನ್ಯದ ಕರೆ ಬರುತ್ತದೆ, ಕೊನೆಗೆ ಡಬ್ಬಿ ಮಾಂಸ ಮೈಗೆ ಒಗ್ಗದೆ ಅವನು ವಾಪಸ್ ಬರುತ್ತಾನೆ. ಅದೇ ಪಡೆಯ ಫ್ರೇಸರ್ ತೋಳಿಗೆ ಬಡ್ತಿಯ ಒಂದು ಪಟ್ಟಿ ಬೀಳುತ್ತದೆ, ಮರುದಿನದಿಂದಲೇ ಸಿಕ್ಕಸಿಕ್ಕವರ ಮೇಲೆ ಆರೋಪ ಹೊರಿಸಲು ಶುರು ಮಾಡುತ್ತಾನೆ. ಅಪ್ಪ ನಕ್ಕು ಕೆಮ್ಮು ಬಂದು ನೀರು ಕೇಳಿದರು. "ಬಡ್ತಿ ಬಂದ ಮರುದಿನ ಹೀಗೇ ಆಗ್ತಿತ್ತು ನಮ್ಮಲ್ಲೂ" ಅಂದರು.

ನನ್ನ ಸಾಲು ಹೀಗೆ: ಮೊದಲು 'ಡ್ಯಾಡ್ಸ್ ಆರ್ಮಿ'ಯ ಆ ಮೂರು, ಆಮೇಲೆ 'ಸ್ಟಿಲ್ ಓಪನ್ ಆಲ್ ಅವರ್ಸ್', ದೂರದಲ್ಲಿ 'ಪಾರಿಜ್', ಕೊನೆಯಲ್ಲಿ 'ಎಸ್, ಪ್ರೈಮ್ ಮಿನಿಸ್ಟರ್'. ಅಪ್ಪ ಮೊದಲೆರಡನ್ನು ಅದಲುಬದಲು ಮಾಡುತ್ತಾರೆ. ಅಂಗಡಿಯ ಮನೆಯಲ್ಲಿ ಬೆಳೆದವರು, ಅವರ ಮಾತೂ ಸರಿ.

ಫ್ರೇಸರ್‌ನ ಆ ಕಂತಿನ ಮೂಲ ಧ್ವನಿ ಉಳಿದಿದೆ. ಅದಕ್ಕೆ 2016ರಲ್ಲಿ ಆನಿಮೇಷನ್ ಚಿತ್ರ ಜೋಡಿಸಿದ್ದಾರೆ. ಅಪ್ಪ ಹೊರಡುವ ಹಿಂದಿನ ರಾತ್ರಿ ಅದನ್ನು ಹಾಕಿದೆ. ಎರಡು ನಿಮಿಷ ನೋಡಿ ಅವರು ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ನಿದ್ದೆ ಬಂತೇನೋ ಅಂತ ಆಫ್ ಮಾಡಲು ಹೋದೆ. "ಇರಲಿ, ಕೇಳ್ತಾ ಇದ್ದೀನಿ" ಅಂದರು.