ಚೆಕ್‌ರೋಲ್ ಬಿಟ್ಟು ಆಪ್ ಹಿಡಿದು ಐದು ವರ್ಷ: ತೋಟದ ಲೆಕ್ಕದ ಆಪ್ ಒಂದರ ವಿಮರ್ಶೆ

ನಮ್ಮದು ಆಲ್ದೂರಿನಿಂದ ಒಳಗೆ 16 ಎಕರೆ ಕಾಫಿ. ಹೆಚ್ಚಿನದು ರೋಬಸ್ಟಾ, ಮೇಲಿನ ತಾಕಿನಲ್ಲಿ ಒಂದಿಷ್ಟು ಅರೇಬಿಕಾ, ಮರಗಳಿಗೆ ಹಬ್ಬಿಸಿದ ಮೆಣಸು. ತೋಟದೊಳಗಿನ ಓಡಾಟ ಯಜಮಾನರದು, ಲೆಕ್ಕ ನನ್ನದು. ಮಾವನವರ ಕಾಲದಿಂದ ಲೆಕ್ಕ ಅಂದರೆ ಚೆಕ್‌ರೋಲ್. ಕೆಂಪು ಬೆನ್ನಿನ ಉದ್ದನೆಯ ಪುಸ್ತಕ, ಎಡಗಡೆ ಕೆಲಸದವರ ಹೆಸರು, ಮೇಲುಗಡೆ ತಾರೀಕು. ಬಂದವರಿಗೆ ಒಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು, ಬಾರದವರಿಗೆ ಸೊನ್ನೆ. ಶನಿವಾರ ಸಂಜೆ ಗೀಟು ಎಣಿಸಿ, ಅಡ್ವಾನ್ಸ್ ಕಳೆದು ಬಟವಾಡೆ.

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬಂದು ಮನೆಯಲ್ಲಿ ಕೂತಿದ್ದ ಮಗ ಒಂದು ದಿನ ನಾನು ಕೂಡಿಸುವುದನ್ನು ನೋಡಿ, ‘ಇದಕ್ಕೆಲ್ಲ ಆಪ್ ಇದೆಯಲ್ಲಮ್ಮಾ’ ಅಂದ. ಅವನೇ ಹುಡುಕಿ ಹಾಕಿಕೊಟ್ಟ. ವರ್ಷಕ್ಕಿಷ್ಟು ಅಂತ ಚಂದಾ. ಫೋನಿನಲ್ಲೂ ನಡೆಯುತ್ತದೆ, ಲ್ಯಾಪ್‌ಟಾಪಿನಲ್ಲೂ ತೆರೆಯುತ್ತದೆ. ಆಪ್‌ನ ಹೆಸರು ಬರೆಯುವುದಿಲ್ಲ. ನಾನು ಹೇಳುವ ತೊಂದರೆಗಳಲ್ಲಿ ಅರ್ಧಕ್ಕರ್ಧ ನಿಮ್ಮ ಬ್ಯಾಂಕಿನ ಆಪ್‌ನಲ್ಲೋ ಗ್ಯಾಸ್ ಬುಕ್ ಮಾಡುವ ಜಾಗದಲ್ಲೋ ನಿಮಗೂ ಸಿಕ್ಕಿರುತ್ತವೆ.

‘ಕನ್ನಡದಲ್ಲೂ ಲಭ್ಯ’ ಅಂತ ದೊಡ್ಡದಾಗಿ ಬರೆದಿದ್ದರು. ಸಂತೋಷದಿಂದ ಕನ್ನಡ ಒತ್ತಿದೆ. ಹಾಜರಿ ಪುಟ ತೆರೆದರೆ ಬಂದವರ ಹೆಸರಿನ ಮುಂದೆಲ್ಲ ‘ಉಡುಗೊರೆ’. ರಜೆಯ ಸಾಲಿನಲ್ಲಿ ‘ಒಟ್ಟು ಎಲೆಗಳು: 3’. ಕಾಫಿ ತೋಟವಲ್ಲವೇ, ಎಲೆಯ ಲೆಕ್ಕವನ್ನೂ ಇಡುತ್ತಾರೇನೋ ಅಂದುಕೊಂಡೆ! ಕೊಡಬೇಕಾದ ಬಾಕಿಗೆ ‘ಸಮತೋಲನ’, ಬರೆದದ್ದನ್ನು ಅಳಿಸುವ ಬಟನ್‌ಗೆ ‘ಸ್ಪಷ್ಟ’. ಪದಗಳ ಪಟ್ಟಿಯನ್ನು ಯಂತ್ರಕ್ಕೆ ಹಾಕಿ, ಉದುರಿದ್ದನ್ನು ಯಾರೂ ಓದದೆ ಅಂಟಿಸಿದ್ದಾರೆ. ಪ್ರೆಸೆಂಟ್ ಅಂದರೆ ಹಾಜರು ಅಂತಲೂ ಆಗುತ್ತದೆ, ಉಡುಗೊರೆ ಅಂತಲೂ ಆಗುತ್ತದೆ; ಯಾವುದು ಬೇಕು ಅಂತ ಆ ಪುಟ ನೋಡಿದವರಿಗೆ ಮಾತ್ರ ಗೊತ್ತಾಗಬೇಕು. ಏನನ್ನಾದರೂ ಖಾಲಿ ಬಿಟ್ಟರೆ ಕೆಂಪಕ್ಷರದಲ್ಲಿ ‘ಈ ಹೊಲ ಕಡ್ಡಾಯ’ ಅನ್ನುತ್ತಿತ್ತು. ಇದ್ದ ಎರಡು ಗದ್ದೆಯನ್ನೇ ನಾಟಿಗೆ ಜನ ಸಿಗದೆ ಪಾಳು ಬಿಟ್ಟವರು ನಾವು, ಇನ್ನು ಹೊಲ ಎಲ್ಲಿಂದ ತರೋಣ.

ನಗುವಂಥದ್ದು ಅಷ್ಟು. ನಗಲಾಗದ್ದು ಒಂದಿತ್ತು. ತಪ್ಪಾಗಿ ಬರೆದ ಅಡ್ವಾನ್ಸ್ ತೆಗೆಯಲು ಹೋದರೆ ‘ಈ ನಮೂದನ್ನು ರದ್ದು ಮಾಡಬೇಕೇ?’ ಅಂತ ಕೇಳುತ್ತದೆ. ಕೆಳಗೆ ಎರಡು ಬಟನ್: ‘ಸರಿ’, ‘ರದ್ದು’. ರದ್ದು ಮಾಡಲು ರದ್ದನ್ನೇ ಒತ್ತುವುದು ತಾನೇ? ಒತ್ತಿದರೆ ರದ್ದು ಮಾಡುವುದೇ ರದ್ದಾಗುತ್ತದೆ, ನಮೂದು ಇದ್ದಲ್ಲೇ ಇರುತ್ತದೆ. ಅದು ಅಭ್ಯಾಸವಾದ ಮೇಲೆ ಇನ್ನೊಂದು ದಿನ ಬೇಡದ ಕಡೆ ‘ಸರಿ’ ಒತ್ತಿ ಒಂದು ವಾರದ ಅಡ್ವಾನ್ಸ್ ಪೂರ್ತಿ ಹೋಯಿತು. ‘ಅಳಿಸು’, ‘ಬೇಡ, ಇರಲಿ’ ಅಂತ ಬರೆದಿದ್ದರೆ ಮುಗಿಯುತ್ತಿತ್ತು. ನಾಲ್ಕು ಸಲ ಬರೆದು ಹೇಳಿದ್ದೇನೆ. ‘ಉಡುಗೊರೆ’ ಹೋಗಿ ‘ಹಾಜರು’ ಬಂದಿದೆ, ಎಲೆಗಳೂ ಉದುರಿವೆ. ರದ್ದು ಮಾತ್ರ ಇವತ್ತಿಗೂ ರದ್ದಾಗಿಲ್ಲ.

ಹೆಸರಿನ ಗೋಳು ಇನ್ನೊಂದು ಬಗೆ. ಹೊಸಬರನ್ನು ಸೇರಿಸುವಾಗ ‘ಕೊನೆಯ ಹೆಸರು’ ಇಲ್ಲದೆ ಮುಂದೆ ಹೋಗುವುದೇ ಇಲ್ಲ. ನಮ್ಮ ಕಡೆ ಎಷ್ಟು ಜನಕ್ಕೆ ಕೊನೆಯ ಹೆಸರಿದೆ? ಒಂದು ಚುಕ್ಕಿ ಇಟ್ಟು ನೋಡಿದೆ, ಅಮಾನ್ಯ ಅಂದಿತು. ಕೊನೆಗೆ ಎಲ್ಲರಿಗೂ ‘ತೋಟ’ ಅಂತ ಹಾಕಿದೆ. ವಾರದ ಸಂಬಳದ ಚೀಟಿಯಲ್ಲಿ ‘ಲಕ್ಷ್ಮಮ್ಮ ತೋಟ’ ಅಂತ ಬಂದದ್ದನ್ನು ಯಾರೋ ಓದಿ ಹೇಳಿದಾಗ ಅವಳು, ‘ಅಂತೂ ನನ್ನ ಹೆಸರಿಗೂ ತೋಟ ಬಂತಲ್ಲ ಅಕ್ಕಾ, ಪಹಣಿ ಯಾವಾಗ’ ಅಂತ ಕೇಳಿದಳು.

ಅದೂ ಯಾವ ಲಕ್ಷ್ಮಮ್ಮ? ನಮ್ಮಲ್ಲಿ ಮೂವರು. ಚೆಕ್‌ರೋಲಿನಲ್ಲಿ ಅವರು ಲೈನ್‌ಮನೆ ಲಕ್ಷ್ಮಮ್ಮ, ಹೊಳೆಯಾಚೆ ಲಕ್ಷ್ಮಮ್ಮ, ಕನ್ನಡಕದ ಲಕ್ಷ್ಮಮ್ಮ. ಆಪ್‌ನಲ್ಲೂ ಹಾಗೇ ಬರೆದೆ. ಆದರೆ ಪಟ್ಟಿಯ ಚೌಕ ಚಿಕ್ಕದು, ಹೆಸರು ಅರ್ಧಕ್ಕೆ ನಿಂತು ಮೂರು ಚುಕ್ಕಿ ಬೀಳುತ್ತದೆ. ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದು ಹೊಲಿಸಿದ್ದು. ಕನ್ನಡಕ್ಕೆ ಕೆಳಗೆ ಒತ್ತಕ್ಷರ ಇಳಿಯುತ್ತದೆ ಅಂತ ಗೊತ್ತಿಲ್ಲದವರು ಮಾಡಿದ್ದು. ಒತ್ತು ಕತ್ತರಿಸಿ ಹೋಗಿ ಪುಟ್ಟಮ್ಮ ‘ಪುಟಮ’ ಆಗುತ್ತಾಳೆ. ಪಿಡಿಎಫ್ ತೆಗೆದರಂತೂ ‘ಲಕ್‌ಷ್‌ಮಮ್‌ಮ’. ಹೆಸರನ್ನು ಒನಕೆಯಲ್ಲಿ ಕುಟ್ಟಿ ಹರವಿದ ಹಾಗೆ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ. ಅಕ್ಷರಗಳನ್ನು ಜೋಡಿಸಿ ಒತ್ತು ಕೂಡಿಸುವ ಕೆಲಸವನ್ನು ಪಿಡಿಎಫ್ ಮಾಡುವ ತಂತ್ರಾಂಶ ಬೇರೆಯಾಗಿ ಮಾಡಬೇಕು, ಅದನ್ನು ಇವರು ಸೇರಿಸಿಲ್ಲ ಅಂತ ಮಗ ವಿವರಿಸಿದ.

ಸಂಬಳದ ಎಸ್‌ಎಂಎಸ್ ಕೂಡ ಇದೇ ಜಾತಿಯದು. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದ್ದರಲ್ಲಿ 70 ಮಾತ್ರ. ಆ 70ರಲ್ಲಿ ಒತ್ತು, ಗುಣಿತ ಎಲ್ಲವನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ. ಲಕ್ಷ್ಮಮ್ಮ ನಮ್ಮ ಬಾಯಿಗೆ ಮೂರು ಅಕ್ಷರ, ಅವರ ಲೆಕ್ಕಕ್ಕೆ 9. ಹಾಗಾಗಿ ಒಂದು ಚೀಟಿ ಮೂರು ತುಂಡಾಗಿ ಹೋಗಿ, ನಾನು ಹಾಕಿಸಿದ ಎಸ್‌ಎಂಎಸ್ ದುಡ್ಡು ಎರಡು ತಿಂಗಳಿಗೇ ಮುಗಿಯಿತು. ಇದು ಆಪ್‌ನವರ ತಪ್ಪಲ್ಲ, ಎಸ್‌ಎಂಎಸ್ಸಿನ ಹುಟ್ಟುಗುಣ. ಆದರೆ ಕೊಳ್ಳುವಾಗಲೇ ಒಂದು ಮಾತು ಹೇಳಬಹುದಿತ್ತು.

ಈಗ ಅಸಲು ವಿಷಯ. ಹಣ್ಣು ಕೊಯ್ಲಿನ ಕಾಲ. ರೋಬಸ್ಟಾ ಕೊಯ್ಯುವಾಗ ಕೆಜಿ ಲೆಕ್ಕದಲ್ಲಿ ಕೂಲಿ. ಮೇಸ್ತ್ರಿ ಸಂಜೆ ಕಣದಲ್ಲಿ ತೂಕ ಮಾಡಿ ಚೀಟಿ ಬರೆದು ಕೊಡುತ್ತಾನೆ, ನಾನು ರಾತ್ರಿ ಲ್ಯಾಪ್‌ಟಾಪಿಗೆ ಏರಿಸುತ್ತೇನೆ. ಒಂದು ಶನಿವಾರ ಬಟವಾಡೆಗೆ ಕೂತಾಗ ಹೊಳೆಯಾಚೆ ಲಕ್ಷ್ಮಮ್ಮ ದುಡ್ಡು ತೆಗೆದುಕೊಂಡು, ಬೆರಳ ಗೆಣ್ಣು ಎಣಿಸಿ, ‘ಅಕ್ಕಾ, ಮೂರು ಕೆಜಿ ಕಡಮೆ’ ಅಂದಳು. ಕಂಪ್ಯೂಟರ್ ಲೆಕ್ಕ, ತಪ್ಪಾಗುವುದಿಲ್ಲ ಅಂದುಬಿಟ್ಟೆ. ಅವಳು ಜಗಳವಾಡಲಿಲ್ಲ. ‘ಬುಧವಾರದ್ದು ನೋಡಿ’ ಅಂತ ಅಷ್ಟೇ ಹೇಳಿದಳು. ಮೇಸ್ತ್ರಿಯ ಚೀಟಿ ತೆಗೆದೆ. ಬುಧವಾರ 62. ಪರದೆಯಲ್ಲಿ 59.

ಅವತ್ತು ರಾತ್ರಿ ಊಟ ಸೇರಲಿಲ್ಲ. ಮೂರು ಕೆಜಿಯ ಕೂಲಿ ದೊಡ್ಡದಲ್ಲ. ಅವಳಿಗೆ ಓದು ಬರಹ ಬಾರದು, ನಾನು ಪದವಿ ಮಾಡಿದವಳು, ಹಾಗಿದ್ದೂ ಯಂತ್ರದ ಪರ ವಹಿಸಿ ಮಾತಾಡಿದೆನಲ್ಲ ಅಂತ. ಆ ವಾರದ ಚೀಟಿಗಳನ್ನೆಲ್ಲ ಹರಡಿಕೊಂಡು ತಾಳೆ ನೋಡಿದರೆ ಇನ್ನೂ ನಾಲ್ಕು ಕಡೆ ವ್ಯತ್ಯಾಸ. ಒಂದು, ಎರಡು, ಮೂರು ಕೆಜಿ. ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಮೆ.

ಕಾರಣ ಸಿಕ್ಕಿದ್ದು ಆಕಸ್ಮಿಕವಾಗಿ. ಅಂಕಿ ಬರೆದ ಮೇಲೆ ಪಟ್ಟಿಯ ಕೆಳಗೆ ಹೋಗಲು ಮೌಸಿನ ಚಕ್ರ ತಿರುಗಿಸುತ್ತೇನಲ್ಲ, ಆಗ ಪಟ್ಟಿ ಸರಿಯುವುದರ ಬದಲು ಬರೆದ ಅಂಕಿಯೇ ಸರಿಯುತ್ತದೆ! 62 ಇದ್ದದ್ದು 61, 60, 59. ಸದ್ದಿಲ್ಲ, ಬಣ್ಣ ಬದಲಾಗುವುದಿಲ್ಲ, ಕೇಳುವುದೂ ಇಲ್ಲ. ಅಂಕಿಗಾಗಿಯೇ ಇರುವ ಒಂದು ಬಗೆಯ ಚೌಕಕ್ಕೆ ಕೆಲವು ಬ್ರೌಸರುಗಳಲ್ಲಿ ಈ ಗುಣ ಇದೆಯಂತೆ, ಹೊಸ ಕಾಯಿಲೆಯೂ ಅಲ್ಲ. ಬ್ರಿಟನ್ ಸರ್ಕಾರದ ಜಾಲತಾಣಗಳ ವಿನ್ಯಾಸ ನೋಡುವ ತಂಡ ಇದೂ ಸೇರಿದಂತೆ ಹಲವು ತೊಂದರೆ ಕಂಡು 2020ರಲ್ಲೇ ಆ ಚೌಕ ಬಿಟ್ಟು, ಅಂಕಿಯ ಕೀಲಿಮಣೆ ಮಾತ್ರ ತೆರೆಯುವ ಸಾದಾ ಚೌಕಕ್ಕೆ ಬದಲಾಯಿಸಿಕೊಂಡಿತು. ನಮ್ಮ ಆಪ್‌ನವರಿಗೆ ಬರೆದೆ. ‘ನಿಮ್ಮ ಮೌಸ್ ಬದಲಿಸಿ ನೋಡಿ ಮೇಡಂ’ ಅಂತ ಉತ್ತರ ಬಂತು. ಈಗ ನಾನು ಒಂದು ಅಂಕಿ ಬರೆದರೆ ಪಕ್ಕದ ಖಾಲಿ ಜಾಗದಲ್ಲಿ ಒಮ್ಮೆ ಒತ್ತಿ ಆಮೇಲೆ ಚಕ್ರ ಮುಟ್ಟುತ್ತೇನೆ. ಮೇಸ್ತ್ರಿಯ ಚೀಟಿಗಳನ್ನು ವರ್ಷ ಪೂರ್ತಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತೇನೆ. ಲಕ್ಷ್ಮಮ್ಮನ ಮೂರು ಕೆಜಿ ಮುಂದಿನ ವಾರ ಕೊಟ್ಟೆ, ಅವಳು ಎಣಿಸದೆ ಸೆರಗಿಗೆ ಕಟ್ಟಿಕೊಂಡಳು.

ಅಪ್‌ಡೇಟ್ ವಿಷಯಕ್ಕೆ ಬಂದರೆ, 2023ರ ಜನವರಿಯಲ್ಲಿ, ಅಂದರೆ ವರ್ಷದಲ್ಲೇ ನಮಗೆ ಉಸಿರಾಡಲು ಪುರುಸೊತ್ತಿಲ್ಲದ ತಿಂಗಳಲ್ಲಿ, ಆಪ್ ರಾತ್ರೋರಾತ್ರಿ ಹೊಸ ವೇಷ ಹಾಕಿತು. ಜಗಲಿಯ ತುಂಬ ಜನ, ಅಸ್ಸಾಂನಿಂದ ಬಂದ ಹುಡುಗರೂ ಸೇರಿ ಮೂವತ್ತಕ್ಕೆ ಮೇಲೆ. ತೆರೆದರೆ ‘ಹೊಸ ಅನುಭವಕ್ಕೆ ಸ್ವಾಗತ’. ಏಳು ಕಾರ್ಡು, ಒಂದೊಂದಕ್ಕೂ ‘ಮುಂದೆ’ ಒತ್ತಬೇಕು, ದಾಟಿ ಹೋಗುವ ದಾರಿ ಇಲ್ಲ. ದಾಟಿದ ಮೇಲೆ ನೋಡಿದರೆ ಬಲಗಡೆ ಕೆಳಗಿದ್ದ ‘ಉಳಿಸು’ ಇಲ್ಲ, ಆ ಜಾಗದಲ್ಲಿ ಒಂದು ಕೂಡಿಸುವ ಗುರುತು. ಎರಡು ವರ್ಷದ ರೂಢಿಯಲ್ಲಿ ಹೆಬ್ಬೆರಳು ಅಲ್ಲಿಗೇ ಹೋಗುತ್ತದೆ. ಒತ್ತಿದಾಗಲೆಲ್ಲ ಒಬ್ಬ ಹೆಸರಿಲ್ಲದ ಹೊಸ ಕೆಲಸದವನು ಪಟ್ಟಿಗೆ ಸೇರುತ್ತಾನೆ. ಮಜ್ಜಿಗೆ ಕಡೆಯುವ ಹೊತ್ತಿಗೆ ಕಡಗೋಲನ್ನು ಅಟ್ಟಕ್ಕೆ ಹಾಕಿದ ಹಾಗೆ. ಆ ದಿನ ಯಜಮಾನರು ಒಂದು ಮಾತೂ ಆಡದೆ ಒಳಗೆ ಹೋಗಿ ಹಳೆಯ ಚೆಕ್‌ರೋಲ್ ತಂದು ಮುಂದಿಟ್ಟರು. ಗೀಟು ಇರಲಿಲ್ಲ, ಆದರೂ ಚೀಟಿ ನೋಡಿ ಅದರ ಖಾಲಿ ಹಾಳೆಯಲ್ಲೇ ಲೆಕ್ಕ ಮಾಡಿ ಕೊಟ್ಟೆ.

ಮಳೆಗಾಲದಲ್ಲಿ ಇನ್ನೊಂದು ಆಟ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ ಅನ್ನುತ್ತಾರೆ. ನಡೆಯುತ್ತದೆ, ಒಳಗೆ ಇದ್ದರೆ. ಐದು ನಿಮಿಷ ಮುಟ್ಟದಿದ್ದರೆ ಹೊರಗೆ ಹಾಕುತ್ತದೆ, ಮತ್ತೆ ಒಳಗೆ ಬರಲು ಓಟಿಪಿ ಬೇಕು. ನಮ್ಮಲ್ಲಿ ಓಟಿಪಿ ಬರುವುದು ಕಣದ ಮೂಲೆಯಲ್ಲಿ, ಹಲಸಿನ ಮರದ ಹತ್ತಿರ. ಜುಲೈ ತಿಂಗಳು, ಕರೆಂಟು ಹೋಗಿ ಮೂರು ದಿನ, ಕೊಡೆ ಹಿಡಿದು ಜಿಗಣೆ ಕೊಡವಿಕೊಂಡು ಹೋಗಿ ನಿಂತರೆ ಓಟಿಪಿ ಬರುತ್ತದೆ; ಒದ್ದೆ ಬೆರಳನ್ನು ಸೆರಗಿಗೆ ಒರೆಸಿ ಹೊಡೆಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಬರೆಯುತ್ತಿದ್ದ ಹದಿನಾಲ್ಕು ಹೆಸರು ಮಾಯ. ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಅಂತ ಒಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ, ಡಬ್ಲ್ಯುಸಿಎಜಿ ಅಂತ. ಅವಧಿ ಮುಗಿಯುವ ಮೊದಲು ಎಚ್ಚರಿಸಿ, ಮುಂದುವರಿಸಲು ಕಡೇಪಕ್ಷ 20 ಸೆಕೆಂಡ್ ಕೊಡಬಹುದು ಅಂತ ಅದರಲ್ಲಿದೆ. ನಮಗೆ ಎಚ್ಚರಿಕೆಯೂ ಇಲ್ಲ, 20 ಸೆಕೆಂಡೂ ಇಲ್ಲ.

ಮಳೆ ಲೆಕ್ಕದ ಪುಟ ನಾನು ಬಿಟ್ಟೇಬಿಟ್ಟಿದ್ದೇನೆ. ಅದು ಮಿಲಿಮೀಟರ್ ಬಿಟ್ಟು ಬೇರೆ ಕೇಳುವುದಿಲ್ಲ, ನಾವು ಬರೆಯುವುದು ಇಂಚು ಮತ್ತು ಸೆಂಟು, ಅಂದರೆ ಇಂಚಿನ ನೂರರಲ್ಲೊಂದು ಪಾಲು. ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟು ಬಿತ್ತು ಅಂದರೆ ಪಕ್ಕದ ತೋಟದವರಿಗೂ ಅರ್ಥವಾಗುತ್ತದೆ. 25.4ರಿಂದ ಗುಣಿಸಿ ಕೂರುವ ಸಂಭ್ರಮ ಯಾರಿಗಿದೆ? ಅದು ಗೋಡೆಯ ಕ್ಯಾಲೆಂಡರಿನಲ್ಲೇ ಇದೆ.

ಹಾಗಾದರೆ ಐದು ವರ್ಷ ಯಾಕೆ ಬಿಡಲಿಲ್ಲ ಅಂತ ಕೇಳಬಹುದು. ಒಂದು ಮಳೆಗಾಲ ಹೆಂಚು ಸರಿದು ಕಪಾಟಿನ ಹಿಂದೆ ನೀರು ಇಳಿಯಿತು. ಎರಡು ಚೆಕ್‌ರೋಲ್ ಪುಸ್ತಕ ನೆನೆದು ಶಾಯಿಯೆಲ್ಲ ಹರಡಿ ನೀಲಿ ಬಟ್ಟೆಯ ಹಾಗಾದವು. ಅದೇ ವರ್ಷ ಬ್ಯಾಂಕಿನವರು ಸಾಲ ನವೀಕರಣಕ್ಕೆ ಮೂರು ವರ್ಷದ ಕೂಲಿ ಖರ್ಚು ಕೇಳಿದರು. ಆಪ್‌ನಲ್ಲಿ ಎರಡು ಸಲ ಒತ್ತಿದರೆ ಬಂತು. ಹೆಸರುಗಳೆಲ್ಲ ಕುಟ್ಟಿದ ಅವಲಕ್ಕಿಯಂತಿದ್ದರೂ ಮೊತ್ತ ಸರಿ ಇತ್ತು. ಶನಿವಾರದ ಕೂಡಿಸುವ ಕೆಲಸ ಎರಡು ಗಂಟೆಯಿಂದ ಅರ್ಧ ಗಂಟೆಗೆ ಇಳಿದದ್ದೂ ನಿಜ.

ತೆಗೆದುಕೊಳ್ಳುವ ಯೋಚನೆ ಇದ್ದರೆ ಒಂದೆರಡು ಮಾತು. ಮೊದಲ ಸೀಸನ್ ಪುಸ್ತಕವನ್ನೂ ಜೊತೆಗೆ ಇಡಿ. ಪ್ರತಿ ತಿಂಗಳ ಕೊನೆಗೆ ಎಕ್ಸೆಲ್ ಇಳಿಸಿಕೊಳ್ಳಿ, ಆದರೆ ತೆರೆದ ತಕ್ಷಣ ತಾರೀಕು ನೋಡಿ: ನನ್ನ ಲ್ಯಾಪ್‌ಟಾಪಿನಲ್ಲಿ ಅಮೆರಿಕದ ಪದ್ಧತಿ ಕೂತಿತ್ತು, ಜನವರಿ 5ರಂದು ಕೊಯ್ದ ಹಣ್ಣು ಮೇ 1ಕ್ಕೆ ಹೋಗಿ ಕೂತಿತ್ತು. ಮೇ ತಿಂಗಳಲ್ಲಿ ರೋಬಸ್ಟಾ ಕೊಯ್ದ ತೋಟ ಚಿಕ್ಕಮಗಳೂರು ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು. ಚಂದಾ ತಾನಾಗೇ ನವೀಕರಣವಾಗುವ ಗುರುತನ್ನು ತೆಗೆದುಬಿಡಿ. ಇಡೀ ಆಪ್‌ನಲ್ಲಿ ಒಮ್ಮೆಯೂ ಕೈಕೊಡದೆ ಕೆಲಸ ಮಾಡಿದ್ದು ಅದೊಂದೇ.

ಅರ್ಧ ದಿನದ ಹಾಜರಿ ಹಾಕಲು ಮೊದಲ ಎರಡು ವರ್ಷ ಇದರಲ್ಲಿ ಜಾಗವೇ ಇರಲಿಲ್ಲ. ಇಬ್ಬರ ಅರ್ಧ ದಿನ ಸೇರಿಸಿ ಒಬ್ಬರಿಗೆ ಒಂದು ದಿನ ಬರೆದು, ಅವರಲ್ಲೇ ಹಂಚಿಕೊಳ್ಳಲು ಹೇಳುತ್ತಿದ್ದೆ. ಎಷ್ಟೋ ಸಲ ಬರೆದ ಮೇಲೆ ಈಗ 0.5 ಅಂತ ಬಂದಿದೆ. ಇದಕ್ಕೆ ನಾನು ಕೊಡುವುದು 5ಕ್ಕೆ ಎರಡೂವರೆ ನಕ್ಷತ್ರ. ಇಲ್ಲಿ ನೋಡಿದರೆ ಅರ್ಧ ಒತ್ತಲು ಬರುತ್ತಿಲ್ಲ. ಮೂರು ಹಾಕಿದ್ದೇನೆ, ಅರ್ಧ ಲಕ್ಷ್ಮಮ್ಮನ ಲೆಕ್ಕಕ್ಕೆ ಬರೆದುಕೊಳ್ಳಿ.